ಬರ್ಲಿ, ಬರ್ಲಿ... ಸಾಕ್

ಮೊನ್ನೆ ತರಕಾರಿ ತರಲು ಹೋದವಳು ಕಾಡುಗೋಡಿಯ ಮೆಟ್ರೊ ನಿಲ್ದಾಣದ ಕೆಳಗೆ ಇದ್ದಕ್ಕಿದ್ದಂತೆ ನಿಂತುಬಿಟ್ಟೆ. ಹಿಂದಿನಿಂದ ಯಾರೋ "ಬರ್ಲಿ, ಬರ್ಲಿ, ಬರ್ಲಿ" ಅನ್ನುತ್ತಿದ್ದರು. ತಿರುಗಿ ನೋಡಿದರೆ ಎಳನೀರಿನ ಟೆಂಪೊ ಒಂದು ಹಿಂದಕ್ಕೆ ಬರುತ್ತಿದೆ, ಒಬ್ಬಾತ ಅದರ ಹಿಂದೆ ನಿಂತು ಕೈಯಾಡಿಸುತ್ತಿದ್ದಾನೆ. ಅಷ್ಟೇ. ನನ್ನ ಕಾಲು ಮಾತ್ರ ನೆಲಕ್ಕೆ ಕಚ್ಚಿಕೊಂಡಿತು, ಚೀಲದಿಂದ ಒಂದೆರಡು ಬದನೆಕಾಯಿ ಉರುಳಿ ಚರಂಡಿ ಸೇರಿದವು. "ಯಾಕಮ್ಮಾ, ಹುಷಾರಿಲ್ವಾ?" ಅಂತ ಆತ ಕೇಳಿದ. ಆ ಒಂದು ಪದ ಕಿವಿಗೆ ಬಿದ್ದರೆ ಈಗಲೂ ಎದೆ ಧಸಕ್ಕೆನ್ನುತ್ತದೆ ಅಂತ ಹೇಳಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದ. ಏನಿಲ್ಲಪ್ಪ ಅಂದು ಬಂದೆ. ನಿಮ್ಮ ಹತ್ತಿರ ಹೇಳಬಹುದು.

ನಾನು ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಮ್ಮದು ಹಳೇ ಕಾಡುಗೋಡಿಯ ಮನೆ. ನಮ್ಮ ಮಾವನವರ ಕಾಲದ ರಾಗಿಕಣ ಇದ್ದ ಜಾಗದಲ್ಲಿ ಈಗ ಬಾಡಿಗೆಯ ರೂಮುಗಳಿವೆ. ಅದರಲ್ಲೊಂದು ರೂಮಿಗೆ ಯಾದಗಿರಿ ಕಡೆಯ ಹಣಮಂತ ಮತ್ತು ನೀಲಮ್ಮ ಬಂದರು. ನೀಲಮ್ಮನಿಗೆ ಒಂದು ಅಪಾರ್ಟ್‌ಮೆಂಟಿನಲ್ಲಿ ಗುಡಿಸಿ ಒರೆಸುವ ಕೆಲಸ, ಮಧ್ಯಾಹ್ನದವರೆಗೆ. ಹಣಮಂತ ನೀರಿನ ಟ್ಯಾಂಕರಿನಲ್ಲಿ ಹೆಲ್ಪರ್. ಟ್ಯಾಂಕರ್ ಹಿಂದಕ್ಕೆ ಬರುವಾಗ ಅದರ ಬೆನ್ನ ಹಿಂದೆ ನಿಂತು ಡ್ರೈವರಿಗೆ ದಾರಿ ಹೇಳುವುದು ಅವನ ಮುಖ್ಯ ಉದ್ಯೋಗ. ಗಾಡಿಯ ಮೈಮೇಲೆ ಒಂದು ಸಲ ಬಡಿದು "ಓಲ್ಡಾನ್" ಅಂದರೆ ನಿಲ್ಲು ಅಂತ, ಎರಡು ಸಲ ಬಡಿದು "ರೈಟ್" ಅಂದರೆ ಹೊರಡು ಅಂತ. ಅವರ ಮಗಳು ದುರ್ಗಿ. ಮನೆದೇವರು ದುರ್ಗಮ್ಮನ ಹೆಸರಿಟ್ಟಿದ್ದರು. ನಮ್ಮಲ್ಲಿಗೆ ಬಂದಾಗ ಅವಳಿಗೆ ಮೂರು ತುಂಬಿ ಕೆಲವು ತಿಂಗಳಾಗಿತ್ತು. ಅದಕ್ಕೆ ಮುಂಚೆ ಅವಳನ್ನು ಬಿಡಲು ಯಾರೂ ಇಲ್ಲದೆ ಹಣಮಂತ ತನ್ನ ಜೊತೆಯೇ ಟ್ಯಾಂಕರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದನಂತೆ. ಮಕ್ಕಳು ಮಾತು ಕಲಿಯುವ ಕಾಲವೆಲ್ಲ ಇವಳಿಗೆ ಅಲ್ಲೇ ಕಳೆದಿತ್ತು.

ಇದು ನನಗೆ ಮೊದಲು ಗೊತ್ತಿರಲಿಲ್ಲ. ನೀಲಮ್ಮ "ಟೀಚರಮ್ಮಾರ, ಮಧ್ಯಾಹ್ನದ ತನಕ ಕೂಸಿನ್ನ ನೋಡ್ಕೊಂತೀರೇನ್ರಿ" ಅಂದಾಗ ಖುಷಿಯಿಂದಲೇ ಹೂಂ ಅಂದೆ. ಶಾಲೆ ಬಿಟ್ಟ ಮೇಲೆ ನನಗೂ ಮಕ್ಕಳ ಗಲಾಟೆ ಇಲ್ಲದೆ ಮನೆ ಬಣಬಣ ಅನ್ನಿಸುತ್ತಿತ್ತು. ಮೊದಲ ದಿನ ಅವಳಿಗೆ ಅನ್ನ ಹಾಕಿ ಸಾರಿನ ಸೌಟು ಎತ್ತಿದೆ. ದುರ್ಗಿ ತಟ್ಟೆಯ ಮುಂದೆ ಸೆಟೆದು ಕೂತು, ಬಲಗೈ ಮುಂದೆ ಚಾಚಿ, ಬೆರಳು ಮಡಿಚಿ ಬಿಡಿಸಿ ಮಾಡುತ್ತ "ಬರ್ಲಿ. ಬರ್ಲಿ. ಬರ್ಲಿ" ಅಂದಳು. ನಾನು ಸೌಟು ಬಗ್ಗಿಸುತ್ತಲೇ ಇದ್ದೆ. "ಸಾಕ್" ಅಂತ ಅಂಗೈ ಎತ್ತಿದಳು. ನನ್ನ ಕೈ ತಾನಾಗಿ ನಿಂತಿತು. ಆಮೇಲೆ ಅವಳು ಎದ್ದು ಬಂದು ನನ್ನ ಬೆನ್ನಿಗೆ ಪಟ್ ಪಟ್ ಅಂತ ಎರಡು ಬಡಿದು "ರೈಟ್" ಅಂದಳು. ಸಾರಿನ ಪಾತ್ರೆ ಹಿಡಿದುಕೊಂಡು ನಾನು ಅಡುಗೆಮನೆಯೊಳಕ್ಕೆ ನಡೆದೇಬಿಟ್ಟೆ. ಒಳಗೆ ಹೋದ ಮೇಲೆ ತಲೆಗೆ ಹೊಳೆಯಿತು. ಹೆಡ್‌ಮಾಸ್ತರಿಗೂ ಹೆದರದೆ ನೌಕರಿ ಮಾಡಿದವಳನ್ನು ಒಂದು ಹಿಡಿಯಷ್ಟಿರುವ ಮಗು ಬೆನ್ನಿಗೆ ಬಡಿದು ಓಡಿಸಿತ್ತು. ನಾನು ದಂಗಾಗಿ ಒಲೆಯ ಮುಂದೆ ನಿಂತೆ.

ನಮ್ಮ ಯಜಮಾನರಿಗೆ ಮಾತ್ರ ಇದು ಸಕ್ಕತ್ ಇಷ್ಟವಾಯಿತು. ಅವರಿಗೆ ಮಂಡಿನೋವು. ಕುರ್ಚಿಯಲ್ಲಿ ಕೂರುವುದೆಂದರೆ ಹಿಂದೆ ನೋಡುತ್ತ, ಮುಲುಕುತ್ತ, ನಾಲ್ಕು ಸಲ ಲೆಕ್ಕ ಹಾಕಿ ಕೂರಬೇಕು. ದುರ್ಗಿ ಅವರ ಹಿಂದೆ ನಿಂತು "ಬರ್ಲಿ, ಬರ್ಲಿ, ಲೆಫ್ಟ್, ಲೆಫ್ಟ್, ಇನ್ನಾ ಬರ್ಲಿ, ಸಾಕ್" ಅನ್ನುವಳು. ಅವರು ಕರಾರುವಾಕ್ಕಾಗಿ ಕೂರುವರು. ಅವರಿಬ್ಬರೂ ಸೇರಿ ನನ್ನನ್ನು ನೋಡಿ ನಗುವರು. "ಏನೇ, ಮದ್ವೆಯಾಗಿ ಇಷ್ಟು ವರ್ಷ ಆಯ್ತು, ನೀನು ಒಂದಿನ ಆದ್ರೂ ಹಿಂಗೆ ಕೂರ್ಸಿದ್ಯಾ ನನ್ನ?" ಅಂತ ಅವರ ತಕರಾರು.

ನಾವು ಚಿಕ್ಕವರಿದ್ದಾಗ ಕೇಳುವುದು ಇಷ್ಟು ಸುಲಭವಿರಲಿಲ್ಲ ನೋಡಿ. ಏನು ಬೇಕಾದರೂ ಅದರ ಮುಂದೆ ಸುಮ್ಮನೆ ನಿಲ್ಲಬೇಕಿತ್ತು. ಬೆಲ್ಲ ಬೇಕೆಂದರೆ ಬೆಲ್ಲದ ಡಬ್ಬಿಯ ಮುಂದೆ ನಿಂತು ಇರುವೆ ಹತ್ತಿದೆಯೇನೋ ಅಂತ ಚಿಂತೆ ಮಾಡಬೇಕು. ಬೇರೆಯವರ ಮನೆಗೆ ಹೋದರಂತೂ ಕಟ್ಟಪ್ಪಣೆ. ಕೊಟ್ಟಿದ್ದಕ್ಕೆ ಮೊದಲು ಬೇಡ ಅನ್ನಬೇಕು, ಅವರು ಮತ್ತೆ ಒತ್ತಾಯ ಮಾಡಿದರೆ ಮತ್ತೆ ಬೇಡ ಅನ್ನಬೇಕು, ಅಮ್ಮ ಕಣ್ಣಲ್ಲೇ ಹೂಂ ಅಂದರೆ ಮಾತ್ರ ತಗೋಬೇಕು. ಒಂದು ಸಲ ವರ್ತೂರಿನಲ್ಲಿ ನಮ್ಮ ದೊಡ್ಡಮ್ಮನ ಹೊಸ ಸೊಸೆ ಬಿಸಿಬಿಸಿ ಒಬ್ಬಟ್ಟು ತಂದಳು. ನಾನು ಪದ್ಧತಿಯಂತೆ "ಬೇಡ" ಅಂದೆ. ಆಕೆ ಪೇಟೆಯವಳು, "ಸರಿ ಪುಟ್ಟಾ" ಅಂತ ತಟ್ಟೆ ಎತ್ತಿಕೊಂಡು ಹೊರಟೇಹೋದಳು. ನಾನು ಬಾಯಿ ತೆರೆದುಕೊಂಡು ಕೂತೆ. ಆಗಿನ ನೋವು ಇನ್ನೂ ಪೂರ್ತಿ ಹೋಗಿಲ್ಲ. ಬೇಕು ಅನ್ನುವುದಕ್ಕೆ ಬೇಡ ಅಂತ ಕಲಿತವಳ ಮುಂದೆ, ಬೇಕಾದ್ದನ್ನು ಕೈಯಾಡಿಸಿ ಕರೆಯುವ ಹುಡುಗಿ ಬಂದು ಕೂತರೆ ಹೇಗಾಗಬೇಡ ಹೇಳಿ.

ಈಗಿನ ಮಕ್ಕಳೇ ಹೀಗೆ ಅಂತೀರೇನೋ. ಇರಬಹುದು. ನನ್ನ ತಂಗಿಯ ಮೊಮ್ಮಗನಿಗೆ ನಾಲ್ಕು ವರ್ಷ, ಅವನಿಗೊಂದು ಕಥೆ ಹೇಳುತ್ತಿದ್ದೆ. ರಾಜಕುಮಾರಿ ಇನ್ನೂ ಕಾಡಿಗೆ ಹೋಗಿರಲಿಲ್ಲ, ಅವನು ನನ್ನ ಮುಖ ನೋಡಿ "ಅಜ್ಜಿ, ಸ್ಕಿಪ್" ಅಂದ. ನನಗೆ ಅರ್ಥವಾಗಲಿಲ್ಲ. ಫೋನಿನಲ್ಲಿ ಜಾಹೀರಾತು ದಾಟಿಸುವಂತೆ ನನ್ನ ಕೆನ್ನೆಯ ಮೇಲೆ ಬೆರಳಿಟ್ಟು ಒತ್ತಿದ. ಆಮೇಲೆ ಒಂದು ವಾರ ನಾನು ಯಾರಿಗೂ ಕಥೆ ಹೇಳಲಿಲ್ಲ.

ದುರ್ಗಿಯ ವಿಷಯ ಹೀಗೆ ನಗುವಿನಲ್ಲೇ ಕಳೆದುಹೋಗುತ್ತಿತ್ತು. ಆದರೆ ಒಂದು ಮಧ್ಯಾಹ್ನ ನೀಲಮ್ಮ ಮಗಳನ್ನು ಕರೆದೊಯ್ಯಲು ಬಂದವಳು ಬಾಗಿಲಲ್ಲೇ ನಿಂತಳು. ಮುಖ ಸಣ್ಣದಾಗಿತ್ತು.

"ಮುಂದಿನ ತಿಂಗಳಿಂದ ನಂದು ದಿನಪೂರ್ತಿ ಡ್ಯೂಟಿ ಅದ್ರಿ. ಇಕೀನ್ನ ಇಲ್ಲೇ ಸಾಲಿಗಿ ಹಾಕ್ಬೇಕಂತ ಮಾಡೀವಿ. ಅಲ್ಲಿ ಕೂಸುಗಳ್ನ ಮಾತಾಡ್ಸಿ ನೋಡ್ತಾರಂತ್ರಿ. ಇಕೀ ಬಾಯಿ ನೋಡಿದ್ರ ಯಾರ್ ತಗೋತಾರ್ರಿ?"

"ತಗೊಳ್ಳದಿದ್ರೆ ನನ್ನ ಹತ್ರ ಇರ್ತಾಳೆ ಬಿಡಮ್ಮ" ಅಂದೆ.

"ಎಷ್ಟ್ ದಿನಾ ಅಂತ ನಿಮಗ ತ್ರಾಸ್ ಕೊಡೂದ್ರಿ. ಸೀಟ್ ಸಿಗ್ಲಿಲ್ಲಂದ್ರ ಊರಾಗ ನಮ್ಮವ್ವನ ಹತ್ರ ಬಿಟ್ಟು ಬರೂದು ಅಂತ ಅವರಪ್ಪ ಹೇಳ್ಯಾನ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಬ್ಬಕ್ಕೊಮ್ಮಿ ನೋಡೂದು ಆಗ್ತದ್ರಿ ಆಮ್ಯಾಲ. ನೀವು ಸಾಲಿ ಕಲಿಸಿದೋರು. ಚಂದಾಗಿ ಕೇಳೂದು ಕಲಿಸಿಬಿಡ್ರಿ ಟೀಚರಮ್ಮಾರ."

ಮಗು ತಾಯಿಯಿಂದ ದೂರ ಹೋಗಬಾರದು, ಅದು ಸರಿ. ಆದರೆ ನಿಜ ಹೇಳುತ್ತೇನೆ, ನನಗೆ ನನ್ನ ಚಿಂತೆಯೂ ಇತ್ತು. ಬೆನ್ನಿಗೆ ಬಡಿಸಿಕೊಳ್ಳದೆ ನನಗೆ ಅಡುಗೆಮನೆಗೆ ಹೋಗುವುದೇ ಮರೆತುಹೋಗುವ ಹಾಗಿತ್ತು.

ಹಾಗೆ ಪಾಠ ಶುರುವಾಯಿತು. ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥಕ ಅಂತ ಒಂದಿದೆ, ನೀವೂ ಓದಿರುತ್ತೀರಿ, ಮರೆತಿರುತ್ತೀರಿ. ಮಾಡಲಿ, ಕೊಡಲಿ, ಬರಲಿ. ಅಪ್ಪಣೆ ಕೊಡುವುದಕ್ಕೂ ಅದೇ, ಕೋರಿಕೆಗೂ ಅದೇ, ಆಶೀರ್ವಾದಕ್ಕೂ ಅದೇ. ವರ್ಷವರ್ಷವೂ ಇದನ್ನು ಹಲಗೆಯ ಮೇಲೆ ಬರೆದು "ದೇವರು ಒಳ್ಳೆಯದು ಮಾಡಲಿ" ಅಂತ ಉದಾಹರಣೆ ಕೊಟ್ಟವಳು ನಾನು. ಈ ಹುಡುಗಿಯ ಬರ್ಲಿಯಲ್ಲಿ ಮೂರರಲ್ಲಿ ಯಾವುದಿದೆ ಅಂತ ಯೋಚಿಸಲೂ ಇಲ್ಲ. ಅದು ಟ್ಯಾಂಕರ್ ಭಾಷೆ, ಹೋಗಬೇಕು, ಅಷ್ಟೇ.

ನಾನು ನಿಯಮ ಮಾಡಿದೆ. ಕೂಗಬಾರದು. ಯಾರ ಹತ್ತಿರ ಏನು ಬೇಕೋ ಅವರ ಹತ್ತಿರಕ್ಕೇ ಹೋಗಬೇಕು. ಕೈ ಹಿಂದೆ ಕಟ್ಟಿಕೊಂಡು, ಮುಖ ನೋಡಿ, ಮೆಲ್ಲಗೆ ಪ್ಲೀಸ್ ಅನ್ನಬೇಕು, ಕೊಡ್ತೀರಾ ಅನ್ನಬೇಕು. ಹಾಗೆ ಕೇಳದಿದ್ದರೆ ಅಜ್ಜಿಗೆ ಕಿವಿ ಕೇಳಿಸುವುದಿಲ್ಲ.

ಮೊದಮೊದಲು ಅವಳು ಎರಡನ್ನೂ ಕಲಸಿದಳು. "ಪ್ಲೀಸ್, ಹಾಲು ಬರ್ಲಿ" ಅನ್ನುವಳು. ನಾನು ಕಿವುಡಿಯಂತೆ ಸೊಪ್ಪು ಬಿಡಿಸುತ್ತ ಕೂರುವೆ. "ಅಜ್ಜಿಗಿ ಬ್ರೇಕ್ ಹಿಡದದ" ಅಂತ ಯಜಮಾನರ ಹತ್ತಿರ ದೂರು ಹೇಳುವಳು. ಆಮೇಲೆ ಸಿಟ್ಟು ಬಂದು ಗೋಡೆಗೆ ಒಂದು ಬಡಿದು "ಓಲ್ಡಾನ್" ಅನ್ನುವಳು, ಕೂತಲ್ಲೇ ಕೂತಿದ್ದ ನನ್ನನ್ನು ಇನ್ನೇನು ನಿಲ್ಲಿಸುವುದೋ. ನಾನು ಜಗ್ಗಲಿಲ್ಲ. ಕೊನೆಗೊಂದು ದಿನ ಹೆಜ್ಜೆಯ ಸದ್ದಿಲ್ಲದೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಕತ್ತೆತ್ತಿ "ಅಜ್ಜಿ, ಪ್ಲೀಸ್, ನೀರು ಕೊಡ್ತೀರಾ?" ಅಂದಳು. ಆಹಾ, ನನ್ನ ಹಿಗ್ಗು ಕೇಳಬೇಡಿ. ಬೆಲ್ಲದ ತುಂಡೇ ಕೊಟ್ಟೆ. ಮಧ್ಯಾಹ್ನ ನೀಲಮ್ಮನ ಮುಂದೆ ಹೇಳಿಸಿ ತೋರಿಸಿದೆ, ಅವಳ ಕಣ್ಣಲ್ಲಿ ನೀರು ಬಂತು.

ಯಜಮಾನರು ಮಾತ್ರ ಮುಖ ಊದಿಸಿಕೊಂಡರು. ಅವರ ಹಿಂದೆ ನಿಂತು ಕುರ್ಚಿಗೆ ದಾರಿ ತೋರಿಸುವವರಿರಲಿಲ್ಲ. "ಮಗೂನ ಆಫೀಸಿನ ರಿಸೆಪ್ಷನಿಸ್ಟ್ ಮಾಡ್ಬಿಟ್ಟೆ ಕಣೇ" ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಲೆಗೆ ಕರೆದುಕೊಂಡು ಹೋಗುವ ದಿನ ಗೊತ್ತಾಗಿತ್ತು, ಹುಡುಗಿ ತಯಾರಾಗಿದ್ದಳು.

ಅದರ ಹಿಂದಿನ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ಟ್ಯಾಂಕರ್ ಹೇಳಿದೆವು. ಹಣಮಂತ ಆ ದಿನ ಅತ್ತಿಬೆಲೆ ಕಡೆ ಬೇರೆ ಗಾಡಿಯಲ್ಲಿ ಹೋಗಿದ್ದ. ಬಂದದ್ದು ಬೇರೆ ಟ್ಯಾಂಕರ್, ಹೆಲ್ಪರ್ ಇಲ್ಲ, ಡ್ರೈವರ್ ಒಬ್ಬನೇ. ನಮ್ಮ ಸಂಪು ಗೇಟಿನ ಒಳಗೇ, ಅಂಗಳದ ಮೂಲೆಯಲ್ಲಿದೆ. ಟ್ಯಾಂಕರ್ ಗಲ್ಲಿಯಲ್ಲಿ ತಿರುಗುತ್ತಿರುವುದು ಕೇಳಿಸಿತು. ಇನ್ನೂ ಹೊತ್ತಿದೆ ಅಂದುಕೊಂಡು ನಾನು ಹೋಗಿ ಸಂಪಿನ ಕಬ್ಬಿಣದ ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದೆ, ತಳದಲ್ಲಿ ಎಷ್ಟು ನೀರಿದೆ ನೋಡೋಣ ಅಂತ ಬಗ್ಗಿದೆ. ದುರ್ಗಿ ಜಗಲಿಯ ಮೇಲೆ ಅವಲಕ್ಕಿ ತಿನ್ನುತ್ತ ಕೂತಿದ್ದಳು. ಯಜಮಾನರು ಒಳಗೆ ಪೇಪರ್ ಓದುತ್ತಿದ್ದರು.

ಬೆನ್ನ ಮೇಲೆ ತಣ್ಣಗೆ ನೀರು ಚಿಮ್ಮಿತು. ಇದೇನಪ್ಪ ಮಳೆ ಅಂತ ತಿರುಗಿದೆ. ಟ್ಯಾಂಕರಿನ ಹಿಂಭಾಗ ಗೇಟು ದಾಟಿ ಒಳಗೆ ಬಂದುಬಿಟ್ಟಿತ್ತು, ನನಗೆ ಒಂದು ಮಾರು ದೂರದಲ್ಲಿ, ಇನ್ನೂ ಬರುತ್ತಲೇ ಇತ್ತು. ತುಂಬಿದ ನೀರು ಮೇಲಿನಿಂದ ತುಳುಕುತ್ತಿತ್ತು. ನನ್ನ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಒಳಕ್ಕೆ ತೆರೆದ ಗೇಟಿನ ಬಾಗಿಲು, ಹಿಂದೆ ಬಾಯಿ ತೆರೆದ ಸಂಪು. ಕೂಗಬೇಕು. ಕೂಗಲು ಬಾಯಿ ತೆರೆದೆ. ಮೈದಾನದ ಆ ತುದಿಯ ಮಕ್ಕಳನ್ನು ಈ ತುದಿಯಿಂದ ಗದರಿಸಿದ ಗಂಟಲು ಅದು. ಗಾಳಿ ಬಂತು, ಸ್ವರ ಬರಲಿಲ್ಲ.

ಆಗ ಅವಳು ಕಂಡಳು. ಟ್ಯಾಂಕರಿನ ಹಿಂದಿನ ಚಕ್ರದ ಪಕ್ಕದಲ್ಲಿ ದುರ್ಗಿ ನಿಂತಿದ್ದಳು. ಜಗಲಿಯಿಂದ ಇಳಿದು, ಯಾರ ಹತ್ತಿರ ಏನು ಬೇಕೋ ಅವರ ಹತ್ತಿರಕ್ಕೇ ಹೋಗಿದ್ದಳು. ಎರಡೂ ಕೈ ಹಿಂದೆ ಕಟ್ಟಿಕೊಂಡಿದ್ದಳು. ಅವಳಿಗಿಂತ ಎತ್ತರದ ಆ ಉರುಳುವ ಚಕ್ರಕ್ಕೆ ಕತ್ತೆತ್ತಿ, ಮುಖ ನೋಡಿ, ಮೆಲ್ಲಗೆ ಏನೋ ಹೇಳುತ್ತಿದ್ದಳು. ಎಂಜಿನ್ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ತುಟಿ ಮಾತ್ರ ಕಂಡಿತು. ಪ್ಲೀಸ್. ನಿಲ್ಲಿಸ್ತೀರಾ.



ಚಕ್ರ ನಿಲ್ಲಲಿಲ್ಲ. ಅವಳು ಗಲಿಬಿಲಿಯಿಂದ ನನ್ನ ಕಡೆ ತಿರುಗಿದಳು. ಕೆಳತುಟಿ ನಡುಗುತ್ತಿತ್ತು. ಚಕ್ರದ ಪಕ್ಕದಿಂದಲೇ, ಕೈ ಬಿಚ್ಚದೆ, ಸ್ವಲ್ಪವೇ ಸ್ವರ ಏರಿಸಿ ಕೇಳಿದಳು, "ಅಜ್ಜಿ, ಪ್ಲೀಸ್... ಕೂಗ್ಲಾ?"

ನಾನು ಹೂಂ ಅಂತ ತಲೆಯಾಡಿಸಿದೆನಂತೆ. ನನಗೆ ನೆನಪಿಲ್ಲ, ಅವಳೇ ಆಮೇಲೆ ಹೇಳಿದ್ದು. ನೆನಪಿರುವುದು ಅದರ ಮುಂದಿನದು. ಹಿಂದೆ ಕಟ್ಟಿದ್ದ ಕೈ ಬಿಚ್ಚಿತು, ಟ್ಯಾಂಕರಿನ ತಗಡಿಗೆ ಢಬ್ ಅಂತ ಒಂದು ಬಿತ್ತು, ಆ ಚಿಕ್ಕ ಎದೆಯಿಂದ "ಸಾಆಆಕ್, ಓಲ್ಡಾನ್" ಅನ್ನುವ ಸ್ವರ ಹೊರಟಿತು. ಗಲ್ಲಿಯ ನಾಯಿಗಳೆಲ್ಲ ಬೊಗಳಿದವು. ಬ್ರೇಕ್ ಕಿರುಚಿತು. ಟ್ಯಾಂಕರಿನ ಹಿಂಬದಿಯ ನಲ್ಲಿ ನನ್ನ ಹೊಟ್ಟೆಯ ಸೀರೆ ನೆರಿಗೆಗೆ ತಾಗಿ ನಿಂತಿತು.

ಡ್ರೈವರ್ ಫೋನ್ ಕೈಯಲ್ಲೇ ಹಿಡಿದು ಇಳಿದು ಬಂದ. ನನ್ನನ್ನು ನೋಡಿದ, ಸಂಪನ್ನು ನೋಡಿದ, ಮುಖ ಬಿಳಿಚಿಕೊಂಡಿತು. "ಅಮ್ಮಾ, ನೋಡ್ಲಿಲ್ಲ ಕಣಮ್ಮ, ದೇವ್ರಾಣೆ ನೋಡ್ಲಿಲ್ಲ" ಅಂದ. ಆಮೇಲೆ ಸುತ್ತ ನೋಡಿ, "ಓಲ್ಡಾನ್ ಅಂದಿದ್ದು ಯಾರು? ಯಾವ ಗಾಡಿ ಕ್ಲೀನರ್?" ಅಂದ. ಕ್ಲೀನರ್ ಅವನ ಮಂಡಿಯ ಹತ್ತಿರ ನಿಂತಿದ್ದಳು. "ಮುಂದ್ ತಗಿ. ಅಜ್ಜಿ ಹೊರಗ ಬರ್ಲಿ" ಅಂದಳು. ಅವನು ಹೋಗಿ ಗಾಡಿ ಮುಂದೆ ತೆಗೆದ. ಅವಳು ಕೈ ಚಾಚಿ ಬೆರಳು ಮಡಿಚಿ ಬಿಡಿಸಿ ಮಾಡುತ್ತ "ಬರ್ಲಿ, ಬರ್ಲಿ" ಅಂತ ನನ್ನನ್ನು ಜಗಲಿಯವರೆಗೆ ಕರೆತಂದಳು. ನಾನು ಕೂತೆ. ಅವಳು ಹತ್ತಿರ ಬಂದು, ನನ್ನ ಒದ್ದೆ ಸೆರಗು ಹಿಡಿದು, "ಜೋರ್ ಒದರ್‍ದೆ ಅಜ್ಜಿ. ಬೈತೀರಾ?" ಅಂತ ಕೇಳಿದಳು. ನಾನು ಹೋ ಅಂತ ಅತ್ತೆ. ಯಜಮಾನರು ಪೇಪರ್ ಹಿಡಿದುಕೊಂಡು ಹೊರಗೆ ಬಂದು ಏನಾಯ್ತು ಏನಾಯ್ತು ಅಂತ ಕೇಳಿದರು.

ಮಾರನೆಯ ದಿನ ಶಾಲೆಗೆ ನೀಲಮ್ಮನ ಜೊತೆ ನಾನೂ ಹೋದೆ. ಟೀಚರಾಗಿದ್ದ ಹುಡುಗಿ ಒಳ್ಳೆಯವಳು, ನಗುಮುಖ. ಮೇಜಿನ ಮೇಲೆ ಬಣ್ಣದ ಕಡ್ಡಿಗಳ ಡಬ್ಬಿ ಇಟ್ಟು "ಏನ್ ಬೇಕು ಪುಟ್ಟಾ? ಕೇಳು" ಅಂದಳು. ನೀಲಮ್ಮ ಉಸಿರು ಬಿಗಿ ಹಿಡಿದಳು. ದುರ್ಗಿ ತಿರುಗಿ ನನ್ನ ಮುಖ ನೋಡಿ, "ಅಜ್ಜಿ, ಯಾವ್ದು ಹೇಳ್ಲಿ?" ಅಂದಳು. ಎರಡು ದಿನದ ಹಿಂದಾಗಿದ್ದರೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದೆ, ನಮ್ಮ ಅಮ್ಮ ಮಾಡುತ್ತಿದ್ದಂತೆ. ಈಗ ಕಣ್ಣು ತಗ್ಗಿಸಿ ಕೂತೆ, "ನಿಂಗೆ ಯಾವ್ದು ಬೇಕೋ ಅದು ಹೇಳು" ಅಂದೆ. ಅವಳು ಒಂದು ಕೈ ಹಿಂದೆ ಕಟ್ಟಿದಳು, ಇನ್ನೊಂದು ಮುಂದೆ ಚಾಚಿದಳು. "ಪ್ಲೀಸ್, ಕೆಂಪು ಬರ್ಲಿ" ಅಂದಳು. ಟೀಚರ್ ಹುಡುಗಿ ಕೆಂಪು ಕಡ್ಡಿ ಕೊಟ್ಟಳು. "ಹಳದಿ ಬರ್ಲಿ." ಅದನ್ನೂ ಕೊಟ್ಟಳು. "ಸಾಕ್." ಟೀಚರ್ ಹುಡುಗಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಸಾಕು ಅನ್ನೋ ಮಗೂನ ನಾನು ಇದೇ ಮೊದಲು ನೋಡ್ತಾ ಇರೋದು" ಅಂದಳು. ಸೀಟು ಸಿಕ್ಕಿತು. ನೀಲಮ್ಮ ದಾರಿಯುದ್ದಕ್ಕೂ ಮಗಳ ತಲೆಗೆ ನೆಟಿಗೆ ಮುರಿಯುತ್ತ ಬಂದಳು.

ಮೊದಲ ದಿನ ಶಾಲೆಗೆ ಬಿಡಲು ಹೋದವಳು ನಾನೇ, ನೀಲಮ್ಮನಿಗೆ ಬೆಳಿಗ್ಗೆಯಿಂದಲೇ ಡ್ಯೂಟಿ. ಗೇಟಿನ ಹತ್ತಿರ ಮಕ್ಕಳ ಅಳು, ತಾಯಂದಿರ ಅಳು. ನಾನು ಕುಕ್ಕರಗಾಲಿನಲ್ಲಿ ಕೂತು ಅವಳ ಎರಡೂ ಕೈ ಹಿಡಿದುಕೊಂಡೆ.

"ದುರ್ಗಿ, ಅಲ್ಲಿ ಏನಾದ್ರೂ ಭಯ ಆದ್ರೆ ಕೂಗು. ಯಾರನ್ನೂ ಕೇಳ್ಬೇಡ."

"ನಿಮ್ಮನ್ನೂ?"

"ನನ್ನನ್ನೂ."

"ಪ್ಲೀಸ್ ಬ್ಯಾಡಾ?"

"ಬೇಡ."

ಅವಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡ ಹಾಗೆ ತಲೆಯಾಡಿಸಿದಳು. ನಾನು ಏಳಲಿಲ್ಲ. ಏಳಬೇಕು ಅಂತ ಗೊತ್ತಿತ್ತು, ಹಿಡಿದ ಕೈ ಬಿಡಬೇಕು ಅಂತಲೂ ಗೊತ್ತಿತ್ತು, ಮೈ ಕೇಳುತ್ತಿರಲಿಲ್ಲ. ಒಳಗಿನಿಂದ ಗಂಟೆ ಹೊಡೆಯಿತು. ಅವಳು ತಾನೇ ಕೈ ಬಿಡಿಸಿಕೊಂಡು, ನನ್ನ ಸುತ್ತ ಬಂದು, ಹಿಂದೆ ನಿಂತಳು. ಬೆನ್ನಿಗೆ ಪಟ್ ಪಟ್ ಅಂತ ಎರಡು ಬಿತ್ತು.

"ರೈಟ್" ಅಂದಳು.

ನಾನು ಎದ್ದು ಹೊರಟೆ.